ಉಸಿರು ಕೇಳಿಸಬಾರದು

ಅಕ್ಕಾ,

"ಸಿಟ್ಟು ಇಳಿದ ಮೇಲೆ ಓದು" ಎಂದು ಶುರುಮಾಡಬೇಕೆಂದಿದ್ದೆ. ಆದರೆ ನಿನ್ನ ಸಿಟ್ಟು ನನಗೆ ಗೊತ್ತಿಲ್ಲವೇ? ಅದು ಇಳಿಯಲೆಂದು ಕಾದರೆ ಈ ಕಾಗದ ಹಳದಿಯಾಗಿ ಹೋದೀತು. ಆದ್ದರಿಂದ ಸಿಟ್ಟಿನಲ್ಲೇ ಓದು. ಹರಿದು ಹಾಕಬೇಕೆನ್ನಿಸಿದರೆ ಪೂರ್ತಿ ಓದಿ, ಆಮೇಲೆ ಹರಿ. ಭಾವನಿಗೆ ಚಮಚದಲ್ಲಿ ನೀರು ಕುಡಿಸಿಕೊಂಡು ಕೂರುವವಳಿಗೆ ಈ ನಾಲ್ಕು ಹಾಳೆ ಏನು ಮಹಾ.

ಹೋದ ತಿಂಗಳ ಆ ಭಾನುವಾರ ನಿನ್ನ ಫೋನ್ ಎತ್ತಿದ್ದು ನಾನೇ. ಎತ್ತಿ, ಕಿವಿಗಿಟ್ಟುಕೊಂಡು ಬಾಯಿ ತೆರೆದೆ. "ಏನೇ ರೇಡಿಯೊ, ಹೇಗಿದೀಯ?" ಅಂದೆ ನೀನು. ಒಮ್ಮೆ ಹಚ್ಚಿದರೆ ಆರಿಸೋಕೆ ಗುಂಡಿಯೇ ಇಲ್ಲ ಅಂತ ಚಿಕ್ಕಂದಿನಲ್ಲಿ ನೀನೇ ಇಟ್ಟ ಹೆಸರು. ನನ್ನ ಬಾಯಿ ಆಡುತ್ತಲೇ ಇತ್ತು, ಮಾತು ಮಾತ್ರ ಬರಲಿಲ್ಲ. "ಹಲೋ? ಕೇಳಿಸ್ತಿದೆಯಾ?" ಎಂದು ಮತ್ತೆ ನೀನೇ ಕೇಳಿದೆ. ಆಮೇಲೆ ನನ್ನ ಉಸಿರಿನ ಸದ್ದು ಕೇಳಿಸಿರಬೇಕು, ನಿನ್ನ ದನಿ ತಟ್ಟನೆ ಬದಲಾಯಿತು. "ಓಹೋ, ಅಲ್ಲೇ ಇದೀಯ. ಮಾತಾಡೋಕೆ ಇಷ್ಟ ಇಲ್ಲ ಅಂದ್ಮೇಲೆ ಎತ್ತಿದ್ಯಾಕೆ? ನಿನಗೂ ನಾನು ಸಾಕಾಗಿ ಹೋದೆ, ಅಲ್ವಾ? ಸರಿ ಬಿಡಮ್ಮ. ಇನ್ಮೇಲೆ ನಾನಾಗಿ ಫೋನ್ ಮಾಡಲ್ಲ." ಫೋನ್ ಇಟ್ಟುಬಿಟ್ಟೆ ನೀನು.

ಆಮೇಲೆ "ಧ್ವನಿ ಹೋಗಿದೆ ಅಕ್ಕ" ಎಂದು ನಾನು ಮೆಸೇಜು ಕಳಿಸಿದೆ. ನೀನು ಏನು ಬರೆದೆ ನೆನಪಿದೆಯಾ? "ಹೋದ ಸಲ ತಲೆನೋವು, ಅದರ ಹಿಂದಿನ ಸಲ ಚಾರ್ಜಿರಲಿಲ್ಲ, ಈಗ ಧ್ವನಿ ಹೋಯ್ತಾ? ಬಹಳ ಚೆನ್ನಾಗಿದೆ." ನಿನ್ನನ್ನು ಬಯ್ಯುವ ಮುಖ ನನಗಿಲ್ಲ. ಚಾರ್ಜು ಇತ್ತು. ಆದರೆ ಧ್ವನಿ ಹೋಗಿರುವುದು ಮಾತ್ರ ನಿಜ. ಅದು ಹೇಗೆ ಹೋಯಿತು, ಯಾಕೆ ಹೋಯಿತು ಎಂದು ಮೆಸೇಜಿನಲ್ಲಿ ಬರೆಯಲಾಗದು. ಬಾಯಲ್ಲಿ ಹೇಳಲಂತೂ ಆಗದು. ಅದಕ್ಕೇ ಈ ಕಾಗದ.

ನನ್ನ ಕೆಲಸದ ಕೋಣೆಯನ್ನು ನೀನು ನೋಡಿಲ್ಲ. ಸ್ಟೇಷನ್ನಿನ ಮೇಲಂತಸ್ತಿನಲ್ಲಿ ಒಂದು ಗಾಜಿನ ಗೂಡು, ಒಂದು ಕುರ್ಚಿ, ಒಂದು ಮೈಕು, ಗಾಡಿಗಳ ಹೊತ್ತು ತೋರಿಸುವ ಪರದೆ, ಒಂದು ಕೆಂಪು ಗುಂಡಿ. ಗುಂಡಿ ಒತ್ತಿದರೆ ಎಲ್ಲ ಪ್ಲಾಟ್‌ಫಾರ್ಮಿಗೂ ನಾನು ಕೇಳಿಸುತ್ತೇನೆ. ಅವರು ಯಾರೂ ನನಗೆ ಕೇಳಿಸುವುದಿಲ್ಲ. ಕೆಳಗೆ ಬಾಯಿಗಳು ಆಡುವುದು ಕಾಣುತ್ತದೆ, ಅಷ್ಟೆ. ಗಾಡಿ ತಡವಾದರೆ ಗೂಡಿನ ಕಡೆ ಕೈ ತೋರಿಸಿ ಬಯ್ಯುತ್ತಾರೆ, ಗಾಡಿಯನ್ನು ನಾನೇ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದೇನೋ ಎನ್ನುವ ಹಾಗೆ. ದಿನವಿಡೀ ಊರಿಗೆಲ್ಲ ಮಾತಾಡಿ ಕೆಳಗಿಳಿದು ಬಂದರೆ ನನ್ನ ಜೊತೆ ಮಾತಾಡಿದವರು ಒಬ್ಬರೂ ಇಲ್ಲ.

ನನಗೆ ಈ ಕೆಲಸ ಕಲಿಸಿದ ದೊಡ್ಡ ಮೇಡಂ ಬಗ್ಗೆ ಹೇಳಿದ್ದೆನಲ್ಲ, ಸದಾ ತುಟಿಗೆ ಬಣ್ಣ, ಬಾಯಲ್ಲಿ ಏಲಕ್ಕಿ. ಅವರು ಹೇಳಿಕೊಟ್ಟ ಮೊದಲ ಪಾಠ ಇದು: "ಉಸಿರು ಮೈಕಿಗೆ ಕೇಳಿಸಬಾರದು ಕಣಮ್ಮ. ನಿನ್ನ ಉಸಿರು ಕೇಳಿಸಿದ್ರೆ ಜನ ಗಾಬರಿ ಬೀಳ್ತಾರೆ. ಮೊದಲು ಉಸಿರು ಹಿಡಿ, ಆಮೇಲೆ ಗುಂಡಿ ಒತ್ತು, ನಗ್ತಾ ಹೇಳು." ಎಂಥ ಕೆಟ್ಟ ಸುದ್ದಿಯಿದ್ದರೂ ಆ ನಗು, ಆ ಬಿಗಿ. ಗಾಡಿ ರದ್ದಾಗಿದೆ ಎನ್ನುವುದನ್ನೂ ನೆಂಟರನ್ನು ಊಟಕ್ಕೆ ಕರೆಯುವ ದನಿಯಲ್ಲಿ ಹೇಳಬೇಕು. ನಾನು ಬಹಳ ಬೇಗ ಕಲಿತೆ. ಮೇಡಂ ನಿವೃತ್ತರಾಗುವಾಗ, "ನನಗಿಂತ ನೀನೇ ಗಟ್ಟಿ. ನಿನ್ನ ಉಸಿರು ನಿನಗೇ ಕೇಳಿಸಲ್ಲ" ಎಂದು ಬೆನ್ನು ತಟ್ಟಿದರು. ನಾನೂ ಹಿರಿಹಿರಿ ಹಿಗ್ಗಿದೆ, ದಡ್ಡಿ.

ಧ್ವನಿ ಹೋದ ದಿನ ಅಂಥದ್ದೇನೂ ಆಗಿರಲಿಲ್ಲ ಅಕ್ಕ. ಅದೇ ನನಗೆ ಇವತ್ತಿಗೂ ನಾಚಿಕೆ. ಬೆಳಗಿನ ಗಾಡಿಯೊಂದು ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಕೊನೆ ಗಳಿಗೆಯಲ್ಲಿ ಫೋನ್ ಬಂತು. ಇದು ವಾರಕ್ಕೊಮ್ಮೆಯಾದರೂ ಆಗುವಂಥದ್ದು. ಉಸಿರು ಹಿಡಿದೆ, ಗುಂಡಿ ಒತ್ತಿದೆ, ನಕ್ಕೆ. ಏನೂ ಬರಲಿಲ್ಲ. ಮೈಕು ಕೆಟ್ಟಿದೆ ಎಂದುಕೊಂಡು ತಟ್ಟಿದೆ. ಕೆಳಗಿನವರಿಗೆ ಟಕ್ ಟಕ್ ಎಂದು ಕೇಳಿಸಿರಬೇಕು, ಜನರೆಲ್ಲ ತಲೆಯೆತ್ತಿ ನೋಡಿದರು. ಬಾಯಿ ತೆರೆದು ತೆರೆದು ಮುಚ್ಚಿದೆ. ಗಾಡಿ ಆ ಕಡೆಯ ಪ್ಲಾಟ್‌ಫಾರ್ಮಿಗೆ ಬಂತು, ನಿಂತಿತು, ಹೊರಟಿತು. ಸಾಮಾನು ಹೊತ್ತು ಸೇತುವೆ ಹತ್ತಿದವರಲ್ಲಿ ಅರ್ಧಕ್ಕರ್ಧ ಜನಕ್ಕೆ ಅದು ಸಿಗಲಿಲ್ಲ. ಒಬ್ಬ ಮೆಟ್ಟಿಲು ಹತ್ತಿ ಬಂದು ಗಾಜಿಗೆ ಗುದ್ದಿದ. "ಏನಮ್ಮಾ, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ? ಸಂಬಳ ತಗೊಳ್ಳಲ್ವಾ?" ಅವನ ಹಿಂದೆಯೇ ಸ್ಟೇಷನ್ನಿನ ಸಾಹೇಬರು ಓಡಿ ಬಂದರು. ನಾನು ಅವರಿಬ್ಬರಿಗೂ ನನ್ನ ಗಂಟಲು ಮುಟ್ಟಿ ತೋರಿಸುತ್ತಾ ನಗುತ್ತಿದ್ದೆನಂತೆ. ನಗು ಮಾತ್ರ ಹೋಗಿರಲಿಲ್ಲ ನೋಡು.

ಗಂಟಲಿನ ಡಾಕ್ಟರು ಮೂಗಿನೊಳಗಿಂದ ತೆಳ್ಳಗಿನ ಕೊಳವೆ ಇಳಿಸಿ ಒಳಗೆಲ್ಲ ನೋಡಿದರು. ರಕ್ತ ತೆಗೆಸಿದರು, ಎದೆಯ ಪರೀಕ್ಷೆ ಮಾಡಿಸಿದರು. ಕೊನೆಗೆ, "ಗಂಟಲಲ್ಲಿ ಏನೂ ತೊಂದರೆ ಇಲ್ಲಮ್ಮ, ಎಲ್ಲ ಚೊಕ್ಕವಾಗಿದೆ" ಅಂದರು. ಮತ್ತೆ ಧ್ವನಿ ಎಲ್ಲಿ ಹೋಯಿತು ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ಇತ್ತೀಚೆಗೆ ಮನೇಲಿ ಏನಾದ್ರೂ ಆಯ್ತಾ? ಸಾವು ನೋವು? ಜಗಳ?" ನಾನು ಇಲ್ಲವೆಂದು ತಲೆಯಾಡಿಸಿದೆ. ಒಂಟಿ ಜೀವ, ಬಾಡಿಗೆ ಮನೆ, ಕಾಯಂ ಕೆಲಸ. ಜಗಳವಾಡಲು ಯಾರಿದ್ದಾರೆ? ಏನಾದರೂ ದೊಡ್ಡದು ಆಗಿದ್ದರೆ ಚೆನ್ನಾಗಿತ್ತು ಎಂದು ನಿಜವಾಗಿಯೂ ಅನ್ನಿಸಿತು ಕಣೇ. ನಿನಗೆ ಭಾವ ಏಣಿಯಿಂದ ಬಿದ್ದ ದಿನವಿದೆ. ಅದನ್ನು ಹೇಳಿದರೆ ಯಾರಾದರೂ ಅಯ್ಯೋ ಅಂದಾರು. ನಾನು ಏನು ಹೇಳಲಿ? ಗಾಡಿ ತಡವಾಯಿತು, ಮನೆ ಮಾಲೀಕ ಮುಖ ಗಂಟಿಕ್ಕಿದ, ನೀರು ಬರಲಿಲ್ಲ, ಸಂಜೆ ಪಾಳಿಯವನು ಮತ್ತೆ ಚಕ್ಕರ್ ಹೊಡೆದ ಎಂದು ಅಳಲೇ?

ಡಾಕ್ಟರಿಗೆ ಅದು ಗೊತ್ತಾಗಿರಬೇಕು. "ದೊಡ್ಡದೇನೋ ಆಗಲೇಬೇಕು ಅಂತಿಲ್ಲಮ್ಮ. ದಿನಾ ಸ್ವಲ್ಪ ಸ್ವಲ್ಪ ಆದ್ರೂ ಸಾಕು" ಎಂದು ಒಂದೊಂದಾಗಿ ಕೇಳತೊಡಗಿದರು. ನಿದ್ದೆ ಹೇಗಿದೆ? ಬೆಳಗಾಗುವ ಮುಂಚೆಯೇ ಎಚ್ಚರವಾಗುತ್ತದೆ, ಹಾಸಿಗೆ ಸರಿಯಿಲ್ಲವೆಂದು ಹೊಸ ಹಾಸಿಗೆ ತಂದಿದ್ದೆ. ಹೊಟ್ಟೆ? ಉರಿ, ಅದಕ್ಕೆ ಮಾತ್ರೆ ಚೀಪುತ್ತಿದ್ದೆ. ತಲೆ? ಕನ್ನಡಕ ಬದಲಿಸಿದ್ದೆ. ಕೂದಲು? ನೀರಿನ ದೋಷ ಎಂದುಕೊಂಡಿದ್ದೆ. ಅವರು ಕಿವಿಯ ಕೆಳಗೆ ದವಡೆಯ ಕೀಲನ್ನು ಹೆಬ್ಬೆರಳಲ್ಲಿ ಒತ್ತಿದ ಕೂಡಲೆ ನಾನು ಕುರ್ಚಿಯಿಂದ ಹಾರಿಬಿದ್ದೆ. ಹಲ್ಲು ಕಚ್ಚಿಕೊಂಡು ಸಂಸಾರ ಮಾಡಿದಳು ಅಂತಾರಲ್ಲ, ನಾನು ಸಂಸಾರವಿಲ್ಲದೆಯೇ ಕಚ್ಚಿದ್ದೆ. "ಇವೆಲ್ಲ ಬೇರೆಬೇರೆ ಕಾಯಿಲೆ ಅಂದ್ಕೊಂಡಿದ್ರಾ?" ಎಂದರು. ಹೌದು, ಹಾಗೇ ಅಂದುಕೊಂಡಿದ್ದೆ. ಒಂದೊಂದಕ್ಕೂ ಒಂದೊಂದು ನೆಪ, ಒಂದೊಂದು ಡಬ್ಬಿ. ಎಲ್ಲ ಒಂದೇ ಮೈಯಲ್ಲಿ ಆಗುತ್ತಿದೆ ಎನ್ನುವುದು ಹೊಳೆಯಲೇ ಇಲ್ಲ. ಮೈ ಮೊದಲು ಪಿಸುಗುಟ್ಟಿದೆ, ಆಮೇಲೆ ಕೂಗಿದೆ, ನಾನು ಕೇಳಿಸಿಕೊಳ್ಳದೇ ಇದ್ದಾಗ ಬಾಯನ್ನೇ ಕಟ್ಟಿಹಾಕಿದೆ.

ರಜೆ ಹಾಕಿ ಮನೆಯಲ್ಲಿ ಕೂತೆ. ಅಕ್ಕ, ಇದನ್ನು ಬರೆಯುವುದೋ ಬೇಡವೋ ಎಂದು ಪೆನ್ನು ಕೆಳಗಿಟ್ಟು ಒಂದು ಸುತ್ತು ತಿರುಗಾಡಿ ಬಂದೆ. ಬರೆದೇಬಿಡುತ್ತೇನೆ. ಧ್ವನಿ ಇಲ್ಲದಿರುವುದು ಯಾರಿಗೂ ಗೊತ್ತೇ ಆಗಲಿಲ್ಲ. ಅಂಗಡಿಯವನಿಗೆ ಬೇಕಾದ್ದನ್ನು ಬೊಟ್ಟು ಮಾಡಿ ತೋರಿಸಿದೆ, ಕೊಟ್ಟ. ಮೆಟ್ಟಿಲಲ್ಲಿ ಎದುರಾದ ಪಕ್ಕದ ಮನೆಯಾಕೆಗೆ ನಕ್ಕೆ, ಅವಳೂ ನಕ್ಕಳು. ಹಾಲಿನವನು, ಕಸದವನು, ಮನೆ ಮಾಲೀಕ, ಯಾರಿಗೂ ನನ್ನಿಂದ ಒಂದು ಮಾತೂ ಬೇಕಿರಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರವೂ ಹಾಗೇ ಕಳೆಯಿತು. ರೇಡಿಯೊ ಅನ್ನಿಸಿಕೊಂಡವಳ ಸದ್ದು ನಿಂತರೂ ಏನೂ ನಿಲ್ಲಲಿಲ್ಲ. ಊಟಕ್ಕೆ ಕೂತಾಗ ತಟ್ಟೆಯ ಸದ್ದು ಎಷ್ಟು ಜೋರು ಅನ್ನಿಸಿತು ಅಂದರೆ ತಟ್ಟೆಯ ಕೆಳಗೆ ಬಟ್ಟೆ ಹಾಸಿಕೊಂಡೆ. ನನಗೆ ಒಂಟಿತನ ಗೊತ್ತಿರಲಿಲ್ಲ ಎಂದಲ್ಲ. ಅದು ಇಷ್ಟು ಅಗಲವಾಗಿದೆ ಎಂದು ಗೊತ್ತಿರಲಿಲ್ಲ.

ಡಾಕ್ಟರು ಧ್ವನಿ ತಿದ್ದುವ ಟೀಚರೊಬ್ಬಳ ಹತ್ತಿರ ಕಳಿಸಿದರು. ನನಗಿಂತ ಎಷ್ಟೋ ಚಿಕ್ಕವಳು, ಅಧಿಕಪ್ರಸಂಗಿ. ಒಂದು ಲೋಟ ನೀರಿಗೆ ಸ್ಟ್ರಾ ಹಾಕಿ "ಊದಿ" ಅಂದಳು. ಗುಳುಗುಳು ಎಂದು ಗುಳ್ಳೆ ಬರಿಸುತ್ತಾ ಈ ವಯಸ್ಸಿನಲ್ಲಿ ಕೂತಿದ್ದೇನೆ ನೋಡು, ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ತುಟಿ ಮುಚ್ಚಿ "ಮ್" ಅನ್ನಬೇಕು, ಹೆಗಲು ಇಳಿಬಿಡಬೇಕು, ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಎಲ್ಲಿಯವರೆಗೆ ಹೋಗುತ್ತದೆ ನೋಡಬೇಕು. ನನ್ನದು ಕುತ್ತಿಗೆಯ ಹತ್ತಿರವೇ ಮುಗಿಯುತ್ತಿತ್ತು. "ಮೇಡಂ, ನೀವು ಉಸಿರು ಬಿಡೋದು ಯಾವಾಗ?" ಎಂದು ಕೇಳಿದಳು. ಎಂಥ ಪ್ರಶ್ನೆ! ಮತ್ತೆ ಸ್ಟ್ರಾ ಬಾಯಿಗಿಟ್ಟುಕೊಂಡೆ.

ಆಮೇಲೊಂದು ದಿನ, "ಯಾರ ಜೊತೆ ಮಾತಾಡೋಕೆ ನಿಮಗೆ ತುಂಬಾ ಸುಲಭ? ಅವರಿಂದಲೇ ಶುರು ಮಾಡೋಣ" ಅಂದಳು. ಯೋಚಿಸುವುದೇನು ಬಂತು, "ಅಕ್ಕ" ಎಂದು ದೊಡ್ಡದಾಗಿ ಬರೆದೆ. "ಸರಿ, ಅಕ್ಕನ ಫೋನ್ ಬಂತು ಅಂದ್ಕೊಳ್ಳಿ" ಎಂದು ನನ್ನ ಕೈಯಲ್ಲೇ ಹುಡುಕಿಸಿ, ನನ್ನ ಮೊಬೈಲಿನಲ್ಲಿ ನಿನ್ನ ಫೋನಿಗೆಂದೇ ಇಟ್ಟಿರುವ ರಿಂಗನ್ನು ಬಾರಿಸಿದಳು. ಎದುರಿಗೆ ಒಂದು ಕನ್ನಡಿಯಿತ್ತು. ಅದರಲ್ಲಿ ನೋಡಿದೆ. ನನ್ನ ಹೆಗಲು ಕಿವಿಯವರೆಗೆ ಏರಿತ್ತು. ದವಡೆ ಬಿಗಿದಿತ್ತು. ಉಸಿರು ನಿಂತಿತ್ತು. ಮುಖದ ಮೇಲೆ ಆ ನಗು ಬಂದು ಕೂತಿತ್ತು. ಹುಡುಗಿ ಮೆಲ್ಲಗೆ, "ಇವರ ಜೊತೆ ಮಾತಾಡೋದು ಕಷ್ಟಾನಾ ಮೇಡಂ?" ಅಂದಳು.

ಅವಳ ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತು. ನನ್ನ ಅಕ್ಕ ಅವಳು, ನನ್ನನ್ನು ಬೆನ್ನ ಮೇಲೆ ಹೊತ್ತು ಬೆಳೆಸಿದವಳು, ಇವಳಿಗೇನು ಗೊತ್ತು? ಚೀಲ ಎತ್ತಿಕೊಂಡು ಎದ್ದು ಬಂದುಬಿಟ್ಟೆ. ಹೊರಗಿನ ಬೆಂಚಿನವರೆಗೆ ಬಂದೆ. ಅಲ್ಲಿ ಕೂತು ಅತ್ತೆ. ಅಳುವುದಕ್ಕೂ ಧ್ವನಿ ಬೇಕು ಕಣೇ, ಅದಿಲ್ಲದೆ ಅತ್ತರೆ ಹಗುರವೇ ಆಗುವುದಿಲ್ಲ.

ಹುಡುಗಿ ಹೇಳಿದ್ದು ನಿಜ ಅಕ್ಕ. ಕೋಪ ಮಾಡಿಕೊಳ್ಳದೆ ಓದು, ಇಲ್ಲಾ ಕೋಪ ಮಾಡಿಕೊಂಡೇ ಓದು. ಭಾವ ಹಾಸಿಗೆ ಹಿಡಿದ ಮೇಲೆ ಪ್ರತಿ ಭಾನುವಾರ ನೀನು ಫೋನ್ ಮಾಡುತ್ತಿದ್ದೆ. ಹಾಸಿಗೆ ಹುಣ್ಣು, ಅವರ ಸಿಡಿಮಿಡಿ, ಎತ್ತಿ ಕೂರಿಸಿ ಮುರಿದುಹೋದ ನಿನ್ನ ಬೆನ್ನು, ಬಂದು ನೋಡಿ ಬುದ್ಧಿ ಹೇಳಿ ಹೋಗುವ ನೆಂಟರು. ಹೇಳಿ ಹೇಳಿ ಅತ್ತು, ಕೊನೆಗೆ ಮೂಗು ಸೀಟಿ, "ನಿನ್ನದೇನೇ ಸಮಾಚಾರ?" ಅನ್ನುತ್ತಿದ್ದೆ. ನಾನು ಉಸಿರು ಹಿಡಿದು, "ನನ್ನದೇನಿದೆ ಅಕ್ಕ, ಎಲ್ಲ ಚೆನ್ನಾಗಿದೆ" ಅನ್ನುತ್ತಿದ್ದೆ. ಥೇಟ್ ಮೈಕಿನ ದನಿ. ಊರಿಗೆಲ್ಲ ಹೇಳುವ ಹಾಗೆಯೇ ನಿನಗೂ ಹೇಳುತ್ತಿದ್ದೆ. ಒಂದು ಸಲ ನೀನು, "ನಿನ್ನ ದನಿ ಕೇಳಿದ್ರೆ ಸಾಕು ಕಣೇ, ನನಗೆ ಜೀವ ಬರುತ್ತೆ. ನೀನೊಬ್ಬಳಾದ್ರೂ ಗಟ್ಟಿಯಾಗಿದೀಯಲ್ಲ" ಅಂದೆ. ಪ್ರೀತಿಯಿಂದಲೇ ಅಂದೆ. ಅವತ್ತಿನಿಂದ ಗಟ್ಟಿಯಾಗಿರುವುದು ನನ್ನ ಡ್ಯೂಟಿಯಾಯಿತು. ನಿನ್ನ ದುಃಖದ ಪಕ್ಕದಲ್ಲಿ ನನ್ನ ಹೊಟ್ಟೆಯುರಿ, ನಿದ್ದೆಗೇಡು, ಈ ಖಾಲಿ ಮನೆ ಯಾವ ಲೆಕ್ಕ ಎಂದುಕೊಂಡೆ. ಬರಬರುತ್ತಾ ಶನಿವಾರದಿಂದಲೇ ದವಡೆ ನೋಯಲು ಶುರುವಾಗುತ್ತಿತ್ತು. ಆಗಲೇ ಚಾರ್ಜು ಮುಗಿದದ್ದು, ತಲೆನೋವು ಬಂದದ್ದು.

ಒಂದೊಂದು ಭಾನುವಾರ ನಿನ್ನ ಮೇಲೆ ಸಿಟ್ಟೂ ಬರುತ್ತಿತ್ತು. ಇನ್ನೊಂದು ಸಲ ಕೇಳಬಾರದೇ ಇವಳು, "ನಿಜವಾಗಿಯೂ ಚೆನ್ನಾಗಿದೀಯೇನೇ?" ಅಂತ ಒತ್ತಿ ಕೇಳಬಾರದೇ ಅನ್ನಿಸುತ್ತಿತ್ತು. ಕೇಳಲು ನಾನು ಜಾಗವೇ ಬಿಟ್ಟಿರಲಿಲ್ಲ ಎನ್ನುವುದೂ ಗೊತ್ತು. ಆದರೂ ಸಿಟ್ಟು ಬರುತ್ತಿತ್ತು. ನೀನು ಸಾಕಾಗಿಹೋಗಿದ್ದಕ್ಕಲ್ಲ ಅಕ್ಕ. ನೀನು ಬೇಕಾಗಿದ್ದೆ, ಅದಕ್ಕೆ.

ಹೋದ ವಾರ ಒಂದು ಬೆಳಿಗ್ಗೆ ಚಹಾ ಸೋಸುವಾಗ ಪಾತ್ರೆ ಜಾರಿ ಪಾದದ ಮೇಲೆ ಸುರಿಯಿತು. "ಅಯ್ಯಯ್ಯಪ್ಪಾ!" ಎಂದು ಕೂಗಿಬಿಟ್ಟೆ. ಕೂಗಿ, ಕೂಗಿದ್ದು ಯಾರು ಎಂದು ಹಿಂದೆ ತಿರುಗಿ ನೋಡಿದೆ! ಗಂಟಲು ಕಟ್ಟಿದ ಕಾಗೆಯ ಸದ್ದು. ಪಾದ ಉರಿಯುತ್ತಿದ್ದರೂ ಅಡುಗೆಮನೆಯಲ್ಲೇ ನಿಂತು "ಅಯ್ಯಪ್ಪಾ, ಅಯ್ಯಪ್ಪಾ" ಎಂದು ಮತ್ತೆ ಮತ್ತೆ ಪ್ರಯತ್ನಿಸಿದೆ. ಬರಲಿಲ್ಲ. ಟೀಚರಮ್ಮನ ಹತ್ತಿರ ಮತ್ತೆ ಹೋಗಿ ನಡೆದದ್ದನ್ನು ಬರೆದು ತೋರಿಸಿದೆ. ಎದ್ದು ಹೋದದ್ದಕ್ಕೆ ಅವಳೇನೂ ಅನ್ನಲಿಲ್ಲ, ಪಾದಕ್ಕೆ ಮುಲಾಮು ಹಚ್ಚಿದಿರಾ ಎಂದು ಕೇಳಿದಳು. ಆಮೇಲೆ ಅಂದಳು: "ಆ ಕೂಗಿಗೆ ಮುಂಚೆ ಉಸಿರು ಹಿಡಿಯೋಕೆ ನಿಮಗೆ ಪುರುಸೊತ್ತಾಗಲಿಲ್ಲ ಮೇಡಂ. ಆ ದನೀನೇ ನಮಗೆ ಬೇಕಾಗಿರೋದು. ಹಳೇದು ಬೇಡ."

ಈಗ ದಿನವೂ ಒಂದಿಷ್ಟು ಬರುತ್ತಿದೆ. ಒಡಕು, ಗಾಳಿ ಮಿಶ್ರ, ಅರ್ಧಕ್ಕೆ ನಿಂತು ಹೋಗುತ್ತದೆ. ಸಾಹೇಬರಿಗೆ ಬರೆದುಕೊಟ್ಟಿದ್ದೇನೆ, ಒಬ್ಬಳೇ ಎರಡು ಪಾಳಿ ಮಾಡುವುದು ಇನ್ನು ಆಗುವುದಿಲ್ಲ ಎಂದು. ಅವರು ಮುಖ ಕಿವುಚಿದರು, ಆದರೂ ಒಪ್ಪಿದರು. ಮೊದಲೇ ಕೇಳಿದ್ದರೆ ಮೊದಲೇ ಒಪ್ಪುತ್ತಿದ್ದರೇನೋ. ರಜೆ ಇನ್ನೂ ಇದೆ. ಮಧ್ಯಾಹ್ನ, ಗೂಡಿನಲ್ಲಿ ಮಾಡುತ್ತಿದ್ದ ಹಾಗೆ ಪರದೆ ನೋಡುತ್ತಾ ಬಿಸ್ಕತ್ತು ನುಂಗದೆ, ಕೂತು ಉಣ್ಣುತ್ತೇನೆ. ಸಂಜೆ ಕೆರೆಯ ಸುತ್ತ ನಡೆಯುತ್ತೇನೆ. ಎದೆ ಡವಗುಟ್ಟಿದರೆ, ಏನೋ ನಿನ್ನ ಸಮಾಚಾರ ಎಂದು ಅದನ್ನೇ ಕೇಳಿ, ನಿಧಾನವಾಗಿ ಉಸಿರು ಬಿಡುತ್ತೇನೆ. ಇದರಿಂದೆಲ್ಲ ಮನೆಯೇನೂ ತುಂಬಿಲ್ಲ. ಬಾಗಿಲು ತೆಗೆದರೆ ಈಗಲೂ ಅದೇ ಖಾಲಿ ಕುರ್ಚಿ. ನಿದ್ದೆ ಮಾತ್ರ ಸ್ವಲ್ಪ ಬರುತ್ತಿದೆ.

ಮತ್ತೆ ನಿನ್ನ ವಿಷಯ. ನನ್ನ ಕಿವಿಗೆ ಮೋಸವಿಲ್ಲ. ನೀನು ವಾಕ್ಯದ ಮಧ್ಯೆ ಉಸಿರಿಗೆ ತಡವರಿಸುತ್ತೀಯ. ಕತ್ತು ತಿರುಗಿಸೋಕೆ ಆಗಲ್ಲ, ಕೈ ಜೋಮು ಹಿಡಿಯುತ್ತೆ ಎನ್ನುತ್ತೀಯ. "ನನಗೇನಾಗುತ್ತೆ, ನಾನು ಕಲ್ಲು" ಎಂದು ನಗುತ್ತೀಯ. ಆ ನಗು ನನಗೆ ಚೆನ್ನಾಗಿ ಗೊತ್ತು. ಭಾವನನ್ನು ನೋಡಲು ಬರುವ ಡಾಕ್ಟರಿಗೆ ನಿನ್ನ ಕೈಯನ್ನೂ ಒಂದು ಸಲ ಚಾಚು. ಬುದ್ಧಿ ಹೇಳಿ ಹೋಗುವ ನೆಂಟರಲ್ಲಿ ಒಬ್ಬರನ್ನಾದರೂ ಹಿಡಿದು ಭಾವನ ಪಕ್ಕದಲ್ಲಿ ಕೂರಿಸಿ ಹೊರಗೆ ಹೋಗಿ ಬಾ, ಸುಮ್ಮನೆ ರಸ್ತೆಯ ತುದಿಯವರೆಗೆ. ನಾನೂ ಈ ತಿಂಗಳ ಕೊನೆಗೆ ಬರುತ್ತೇನೆ. ಭಾವನಿಗೆ ನಾನು ಊಟ ಮಾಡಿಸುತ್ತೇನೆ, ನೀನು ಮಲಗು.

ಅದಕ್ಕೂ ಮುಂಚೆ ಭಾನುವಾರವಿದೆ. ನೀನು ಮಾಡುವುದಿಲ್ಲ ಅಂದಿದ್ದೀಯ, ಹಾಗಾಗಿ ನಾನೇ ಮಾಡುತ್ತೇನೆ. ಈ ಸಲ ಚೆನ್ನಾಗಿದ್ದೀನಿ ಅನ್ನುವುದಿಲ್ಲ. ಚೆನ್ನಾಗಿಲ್ಲ ಅಕ್ಕ ಎಂದು ಹೇಳುವುದಿದೆ, ಅಷ್ಟನ್ನೇ. ಅದನ್ನು ಕನ್ನಡಿಯ ಮುಂದೆ ಕೂತು ಅಭ್ಯಾಸ ಮಾಡುತ್ತಿದ್ದೇನೆ, ಇನ್ನೂ ಒಂದು ಸಲವೂ ಪೂರ್ತಿ ಬಂದಿಲ್ಲ. ಸಿಟ್ಟಿದ್ದರೂ ಎತ್ತು. ಎತ್ತಿದ ಮೇಲೆ ನಿನಗೆ ಬರೀ ಉಸಿರು ಕೇಳಿಸಬಹುದು. ಅದು ನಾನೇ. ಇಡಬೇಡ.

ನಿನ್ನ ಬೆನ್ನಿಗೆ ಒಂದಿಷ್ಟು ಬಿಡುವು ಸಿಗಲಿ, ಭಾವನಿಗೆ ನೋವಿಲ್ಲದ ನಿದ್ದೆ ಬರಲಿ ಎಂದು ಬಯಸುತ್ತಾ, ಕಾಯುತ್ತಿರುವ

ನಿನ್ನ ತಂಗಿ